ಓದುಗರ ಸ್ಪಂದನ: ನಮ್ಮೂರ ಹೈಸ್ಕೂಲಿನ ಫಲಿತಾಂಶ ಮೇಲೇರೋದು ಹೇಗೆ?

ಕಳೆದ ವಾರದ ಪ್ರಶ್ನೆ: ನಮ್ಮ ಸರ್ಕಾರಿ ಪ್ರೌಢಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಜಾಸ್ತಿ ಫೇಲಾಗುವುದು ಗಣಿತದಲ್ಲೇ. ಮಗಳು ಈಗ ಒಂಬತ್ತನೇ ತರಗತಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯಾಗಿ ನಾನೇನು ಮಾಡಬಹುದು?

ಹತ್ತನೇ ತರಗತಿ ಆಮೇಲೆ ನೋಡೋಣ, ಮೊದಲು ಎಂಟನೇ ತರಗತಿಗೆ ಹೋಗಿ ನೋಡಿ ತಾಯಿ. ಹತ್ತನೇ ತರಗತಿಯ ವರ್ಗ ಸಮೀಕರಣವನ್ನೇ ತಗೊಳ್ಳಿ. ಗುಣಿಸಿದರೆ ಮೈನಸ್ 10, ಕೂಡಿದರೆ ಮೈನಸ್ 3 ಬರುವ ಎರಡು ಸಂಖ್ಯೆ ಹುಡುಕಬೇಕು. ಮೈನಸ್ 5, ಪ್ಲಸ್ 2 ಅಂತ ಥಟ್ಟನೆ ಹೊಳೆಯಬೇಕಾದರೆ ಮಗ್ಗಿ ಬರಬೇಕು, ಪ್ಲಸ್-ಮೈನಸ್ ಲೆಕ್ಕ ಗೊತ್ತಿರಬೇಕು. ಅದಿಲ್ಲದ ಮಗು ಸೂತ್ರ ಬಾಯಿಪಾಠ ಮಾಡಿದ್ದರೂ ಇಲ್ಲಿ ಪೆನ್ನು ಕೆಳಗಿಡುತ್ತದೆ. ಜನವರಿಯಲ್ಲಿ ಪಾಸಾಗುವಷ್ಟು ಮುಖ್ಯ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್ ಕೊಟ್ಟರೆ ಇದು ಸರಿಹೋಗಲ್ಲ. ಜೂನ್‌ನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸಲು ಸೇತುಬಂಧ ಅಂತ ಮಾಡುತ್ತಾರಲ್ಲ, ಎಷ್ಟೋ ಕಡೆ ಅದು ದಾಖಲೆ ಬರೆಯುವುದರಲ್ಲೇ ಮುಗಿಯುತ್ತದೆ. ಯಾವ ಮಗುವಿಗೆ ಭಾಗಾಕಾರ ಬರಲ್ಲ, ಯಾರಿಗೆ ಭಿನ್ನರಾಶಿ ಬರಲ್ಲ ಅಂತ ಹೆಸರು ಹಿಡಿದು ಕೇಳಿ. ಜಗಳಕ್ಕೆ ಹೋಗಬೇಡಿ. ಆ ಮಕ್ಕಳಿಗೇ ಅಂತ ದಿನಕ್ಕೆ ಅರ್ಧ ಗಂಟೆ ಎತ್ತಿಡಿಸಿ.

ಬರೀ ಶೇಕಡಾವಾರು ನೋಡಿ ಬೇಜಾರಾಗಬೇಡಿ. ನಕಲು ತಡೆಯಲು ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ನಿಗಾ) ಬಂದ 2024ರಲ್ಲಿ ಇಡೀ ರಾಜ್ಯದ ಫಲಿತಾಂಶವೇ ಶೇ 83.89ರಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ! ನಕಲಿಲ್ಲದೆ ಬಂದ ಕಡಿಮೆ ಅಂಕಕ್ಕೆ ಮಕ್ಕಳನ್ನು ಬೈಯುವುದು ತಪ್ಪು.
– ನಿವೃತ್ತ ಗಣಿತ ಶಿಕ್ಷಕಿ, ಹಾವೇರಿ

ನಮ್ಮ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಹುಡುಗಿಯರ ಬೆಂಚು ಖಾಲಿ. ಶಾಲೆಗೇ ಬಾರದವರಿಗೆ ಯಾರು ಏನು ಕಲಿಸಬೇಕು? ತಿಂಗಳಿಗೊಮ್ಮೆ ಹಾಜರಿ ಪುಸ್ತಕ ತೆಗೆಸಿ ನೋಡಿ. ಬಾರದ ಮಕ್ಕಳ ಮನೆಗೆ ನಾಲ್ಕು ಜನ ಹೆಂಗಸರು ಸೇರಿ ಹೋಗಿ, ತಾಯಂದಿರ ಹತ್ತಿರ ಕೂತು ಮಾತಾಡಿ. ಸಂಜೆ ವಿಶೇಷ ತರಗತಿ ಇಟ್ಟರೆ ಬಸ್ ತಪ್ಪುತ್ತದೆ ಅಂತ ಪಕ್ಕದ ಹಳ್ಳಿಯವರು ಎದ್ದು ಹೋಗುತ್ತಾರೆ. ಡಿಪೊ ಮ್ಯಾನೇಜರ್‌ಗೆ ಎಸ್‌ಡಿಎಂಸಿಯಿಂದ ಅರ್ಜಿ ಕೊಡಿ, ಆಗದಿದ್ದರೆ ತರಗತಿಯನ್ನೇ ಬೆಳಿಗ್ಗೆಗೆ ಹಾಕಿಸಿ. ಗಣಿತದ ಹುದ್ದೆ ಖಾಲಿ ಇದ್ದರೆ ಅತಿಥಿ ಶಿಕ್ಷಕರನ್ನು ಜೂನ್‌ನಲ್ಲೇ ಕೊಡಿ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಬೆನ್ನು ಹತ್ತಿ. ದಸರಾ ರಜೆ ಮುಗಿದ ಮೇಲೆ ಮೇಷ್ಟ್ರು ಬಂದರೆ ಪಾಠ ಓಡಿಸಬೇಕಾಗುತ್ತದೆ, ಅಲ್ವಾ?
– ಪೋಷಕರೊಬ್ಬರು, ರಾಯಚೂರು ಜಿಲ್ಲೆ

ಅಕ್ಕಾ, ಗಣಿತ ಹೋಯ್ತು ಅಂತ ಯಾರ ಮಗುವನ್ನೂ ಮನೇಲಿ ಕೂರಿಸಲು ಬಿಡಬೇಡಿ. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು ಅದೇ ವರ್ಷ ಪರೀಕ್ಷೆ-2ರಲ್ಲಿ ಬರೆಯಬಹುದು. ನನ್ನ ತಮ್ಮ ಹಾಗೇ ಪಾಸಾಗಿ ಐಟಿಐ ಸೇರಿದ. ಫಲಿತಾಂಶ ಬಂದ ದಿನವೇ ಫೇಲಾದವರ ಮನೆಗೆ ಹೋಗಿ ಅರ್ಜಿ ಹಾಕಿಸಿ. ಕಡೇ ದಿನಾಂಕ ಬೇಗ ಬಂದುಬಿಡುತ್ತದೆ.
– ಪದವಿ ವಿದ್ಯಾರ್ಥಿನಿ, ತುಮಕೂರು