900 ಗ್ರಾಂ ಬ್ಯಾಗು ಐಲ್ಯಾಂಡ್ ಪೀಕ್‌ಗೆ ತಾಳ್ತದೇನ್ರಿ? ಇಲ್ಲೇ ಪರೀಕ್ಷೆ ಹೆಂಗ?

ಸಾಧನಕೇರಿ_ಚಾರಣ:
ಅಕ್ಟೋಬರ್‌ನಾಗ ನೇಪಾಳದ ಐಲ್ಯಾಂಡ್ ಪೀಕ್ ಹಿಮಶಿಖರಕ್ಕ ಹೊಂಟೇವಿ. ಬ್ಯಾಗು 45 ಲೀಟರ್, 900 ಗ್ರಾಂ. ಮೈಬಟ್ಟೆ 100 ಡೆನಿಯರ್ ರಿಪ್‌ಸ್ಟಾಪ್ ನೈಲಾನ್, ತಳ 210, ಒಳಗ ನೀರು ತಡಿಯೋ ಪಿಯು (ಪಾಲಿಯುರೆಥೇನ್) ಲೇಪ. ಶಿಖರದ ದಿನ ಕ್ರಾಂಪಾನ್ (ಹಿಮದಾಗ ಜಾರದಂಗ ಬೂಟಿಗೆ ಕಟ್ಟೋ ಉಕ್ಕಿನ ಹಲ್ಲು), ಐಸ್ ಆಕ್ಸ್, ನೀರು, ಡೌನ್ ಜಾಕೆಟ್ ಸೇರಿ 9–10 ಕಿಲೋ ಆಗ್ತದ. ಅಲ್ಲಿ ಹರಿದ್ರ ಹೊಲಿಸಲಿಕ್ಕೆ ನಮ್ಮ ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟಿ ಇರೂದಿಲ್ಲ. ಉಣಕಲ್ ಕೆರೆ ಸುತ್ತ ತಿಂಗಳು ಹೊತ್ತು ನಡೆದ್ರ ಸಾಕೇನು?

ಹೊಲಿಗೆ_ಮಷಿನ್, ಹುಬ್ಬಳ್ಳಿ:
ಕೆರೆ ಸುತ್ತಿದ್ರ ಕಾಲು ಗಟ್ಟಿ ಆಗ್ತಾವ, ಬ್ಯಾಗಿನ ಬಗ್ಗೆ ಏನೂ ತಿಳಿಯೂದಿಲ್ಲ. ಡೆನಿಯರ್ ಅಂದ್ರ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗ್ತದ ಅನ್ನೋದಷ್ಟ, ಬ್ಯಾಗು ತಾಳ್ತದೋ ಇಲ್ಲೋ ಅನ್ನೋದನ್ನ ಅದು ಹೇಳೂದಿಲ್ಲ. ಹಗುರ ಬ್ಯಾಗು ಮೊದಲು ಕೈಕೊಡೋದು ಹೊಲಿಗೆಯಲ್ಲಿ.

ಬ್ಯಾಗು ಒಳಹೊರಗ ತಿರುವಿ ಟಾರ್ಚ್ ಹಿಡೀರಿ. ಹೆಗಲಪಟ್ಟಿ ಮ್ಯಾಲ ಕೂಡೋ ಜಾಗ, ಕೆಳಗಿನ ಲಾಡಿ ಸೇರೋ ಮೂಲೆ, ಎತ್ತೋ ಕುಣಿಕೆ, ಈ ಮೂರು ಕಡೆ ನೋಡಿದ್ರ ಸಾಕು. ಹೊಲಿಗೆ ಆಚೆ 10 ಮಿ.ಮೀ. ಬಟ್ಟೆ ಉಳಿದಿರಬೇಕು. 4–5 ಇದ್ರ ದಾರ ಹರಿಯೂದಕ್ಕಿಂತ ಮೊದಲ ಬಟ್ಟೆಯ ಎಳೆ ಜಾರಿ ಹೊರಗ ಬರ್ತಾವ. ಇಂಚಿಗೆ 8–10 ಹೊಲಿಗೆ ಸರಿ. ಒತ್ತೊತ್ತಾಗಿ 15 ಹಾಕಿದ್ರ ಗಟ್ಟಿ ಅಂದ್ಕೋಬ್ಯಾಡ್ರಿ, ಸೂಜಿತೂತಿನ ಸಾಲು ಅಂಚೆಚೀಟಿ ಹಾಳೆ ಹರಿದಂಗ ಹರೀತದ.

ಆಮ್ಯಾಲ ತೂಕ. 20 ಕಿಲೋ ಜೋಳ ತುಂಬಿ, ಹೊಲಿಗೆಯ ಎರಡೂ ಬದಿ ಪೆನ್ಸಿಲ್ ಗೆರೆ ಎಳೆದು, ಒಂದ ಹೆಗಲಪಟ್ಟಿ ಹಿಡಿದು ಜಂತಿಗೆ ರಾತ್ರಿಯಿಡೀ ತೂಗುಹಾಕ್ರಿ. ಮುಂಜಾನೆ ಗೆರೆ ದೂರಾಗಿದ್ರ, ತೂತು ಉದ್ದಾಗಿ ಬೆಳಕು ಕಂಡ್ರ ಅಲ್ಲೇ ನೈಲಾನ್ ಪಟ್ಟಿ ಇಟ್ಟು ಮತ್ತೊಮ್ಮೆ ಹೊಲಿಸ್ರಿ. ಬಾಂಡೆಡ್ ನೈಲಾನ್ ದಾರ, 16ನೇ ನಂಬರ್ ಸೂಜಿ. ಹತ್ತಿ ದಾರ ಬ್ಯಾಡ. ಹೊಲಿಗೆ ತಾಳಿದ್ರ ಅದ ತೂಕ ಒಂದು ಪಟ್ಟಿಯಿಂದ ಝಟ್ಟನೆ 50 ಸಲ ಎತ್ತಿ ಇಳಿಸ್ರಿ. ಗುಡ್ಡದಾಗ ಪಟ್ಟಿ ಕೀಳೋದು ನಿಂತ ತೂಕಕ್ಕಲ್ಲ, ಈ ಜಗ್ಗಾಟಕ್ಕ.

ಕಪ್ಪತ್ತ_ಗದಗ:
ಹೊಲಿಗಿ ಮಾತು ಖರೆ ಐತಿ, ಆದ್ರ ಕ್ರಾಂಪಾನ್ ಮರೀಬ್ಯಾಡ್ರಿ. 100 ಡೆನಿಯರ್ ಬಟ್ಟಿಗೆ ಆ ಉಕ್ಕಿನ ಹಲ್ಲು ತಾಗಿದ್ರ ಮುಗೀತು. ರಿಪ್‌ಸ್ಟಾಪ್ ಚೌಕಳಿ ಹರಕು ಬೆಳಿಯೂದನ್ನ ತಡೀತೈತಿ, ತೂತು ಬೀಳೂದನ್ನ ಅಲ್ಲ. ಎರಡರ ಹಲ್ಲು ಎದುರುಬದುರು ಕೂಡಿಸಿ, ಲಾರಿ ತಾಡಪತ್ರಿ ತುಂಡಿನಾಗ ಸುತ್ತಿ, ಒಳಗ ನಡುವ ಇಡ್ರಿ.

ತಳ ಕಲ್ಲಿನ ಮ್ಯಾಲ ಎಳೆದು ನೋಡೋರು ಅದಾರ. ಅದು ಪರೀಕ್ಷಿ ಅಲ್ಲ, ಬ್ಯಾಗನ್ನ ಕೊಂದಂಗ. ಕಪ್ಪತಗುಡ್ಡದ ಮುಳ್ಳುಕಂಟಿಯೊಳಗ ಒಂದು ದಿನ 10 ಕಿಲೋ ಹೊತ್ತು ಅಡ್ಡಾಡ್ರಿ, ಬದಿಯ ಜಾಳಿಗಿ ಕಿಸೆ ಏನಾಗತೈತಿ ನೋಡ್ರಿ. ಮುಳ್ಳಿಗಿ ಮೊದ್ಲ ಹರಿಯೂದು ಆ ಕಿಸೆನ.

ಬಕಲ್ ಫ್ರೀಜರ್‌ನಾಗ −18 ಡಿಗ್ರಿಯೊಳಗ ನಾಕು ತಾಸಿಟ್ಟು, ದಪ್ಪ ಕೈಗವಸು ಹಾಕ್ಕೊಂಡು 20 ಸಲ ಹಾಕಿ ತಗೀರಿ. ಥಂಡಿಗಿಂತ ಬೂಟಿನ ಕೆಳಗ ಸಿಕ್ಕು ಒಡಿಯೂದ ಹೆಚ್ಚು. ಹೊಲಿಗಿ ಬಿಚ್ಚದ ಕೂಡಿಸೂವಂಥ ಸೀಳುಕಡ್ಡಿ ಬಕಲ್ ಎರಡು ಒಯ್ರಿ. ಪಟ್ಟಿ 20 ಮಿ.ಮೀ.ನೋ 25ನೋ ಅಳೆದ ಕೊಳ್ರಿ.

ಸಾಧನಕೇರಿ_ಚಾರಣ:
ಬ್ಯಾಗು ಮೂರು ವರ್ಷದ್ದು. ಒಳಗಿನ ಲೇಪ ಸ್ವಲ್ಪ ಅಂಟಂಟು ಅದ, ನಾಯಿ ಒದ್ದೆಯಾದಂಥ ವಾಸನೆ. ತೊಳೆದ್ರ ಹೋಗ್ತದೇನು?

ಹೊಲಿಗೆ_ಮಷಿನ್, ಹುಬ್ಬಳ್ಳಿ:
ಇಲ್ರಿ. ತೇವದಿಂದ ಪಿಯು ಲೇಪ ಒಡೆದು ಕರಗಲಿಕ್ಕತ್ತದ. ಮಳೆಗಾಲದಾಗ ಅಟ್ಟದ ಮ್ಯಾಲ ಮಡಚಿಟ್ಟ ಬ್ಯಾಗಿಗೆ ಹಿಂಗ ಆಗೋದು. ಬಟ್ಟೆಯ ಗಟ್ಟಿತನ ಅಷ್ಟೇನೂ ಹೋಗಿರೂದಿಲ್ಲ, ನೀರು ತಡಿಯೂದು ಹೋಗಿರ್ತದ. ಒಳಗ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಾಗ ಸಾಮಾನು ತುಂಬ್ರಿ. ಆದ್ರ ಒಳಗ ಲೇಪದ ಕಡೆ ತೇಪೆ ಹತ್ತೂದಿಲ್ಲ, ಹೊರಗಿನಿಂದ ಹಚ್ಚಬೇಕು: ಸ್ಪಿರಿಟ್ ಹಚ್ಚಿ ಒರೆಸಿ, ತೇಪೆಯ ಮೂಲೆ ದುಂಡಗ ಕತ್ತರಿಸಿ, ಹರಕಿಗಿಂತ ಸುತ್ತ 25 ಮಿ.ಮೀ. ಹೆಚ್ಚು ಬಿಟ್ಟು ಒತ್ತಿ. ಥಂಡಿಯಲ್ಲಿ ಅಂಟು ಕೂಡೂದಿಲ್ಲ. ಹೊಟ್ಟೆಗೆ ಒತ್ತಿ ಹಿಡಿದು ಬೆಚ್ಚಗ ಮಾಡಿ ಹಚ್ಚಬೇಕು, ಇಲ್ಲಾಂದ್ರ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗ ಮಾಡ್ರಿ.