ಸ್ಲಡ್ಜ್‌ಗೆ ‘ಕೆಸರು’ ಸರಿಯೇ? ‘ಹೆಪ್ಪು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧಮಾಡುವ ಘಟಕ) ಕೋಣೆಗೆ ಕನ್ನಡದಲ್ಲಿ ಒಂದು ಫಲಕ ಬರೆಯುತ್ತಿದ್ದೇನೆ. ಒಂದು ಪದ ಮುಂದಕ್ಕೆ ಹೋಗಲು ಬಿಡುತ್ತಿಲ್ಲ: ಸ್ಲಡ್ಜ್, ಅಂದರೆ ಕೊಳಚೆ ನೀರು ಶುದ್ಧವಾಗುವಾಗ ತೊಟ್ಟಿಯ ತಳದಲ್ಲಿ ಕೂರುವ ಕಂದು ಬಣ್ಣದ ವಸ್ತು.

ಹಳೆಯ ಫಲಕದಲ್ಲಿ ‘ಕೆಸರು ಹೊರಹಾಕಿ’ ಎಂದಿತ್ತು. ಅದನ್ನು ಓದಿದ ಹೊಸ ಆಪರೇಟರ್ ಒಂದೇ ದಿನ ಅಷ್ಟನ್ನೂ ಪಂಪ್ ಮಾಡಿ ತೆಗೆದರು. ತಪ್ಪು ಅವರದಲ್ಲ. ಕೆಸರು ಅಂದರೆ ಬೇಡದ್ದು ತಾನೇ? ಆಮೇಲೆ ಎರಡು ಮೂರು ವಾರ ತೊಟ್ಟಿ ತುಂಬ ಬಿಳಿ ನೊರೆ, ನೀರೆಲ್ಲ ಬಗ್ಗಡ. ಬೇರೆ ಘಟಕದಿಂದ ಒಂದು ಟ್ಯಾಂಕರ್ ಸ್ಲಡ್ಜ್ ತಂದು ಸುರಿದ ಮೇಲೆ ಸರಿಹೋಯಿತು.

ಅಲ್ಲಿ ಕೆಲಸ ನಡೆಯುವುದು ಹೀಗೆ. ಮನೆಗಳ ನೀರು ಜಾಲರಿ ದಾಟಿ ಒಂದು ತೊಟ್ಟಿಯಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿಂದ ಏರೇಷನ್ ಟ್ಯಾಂಕಿಗೆ. ಬ್ಲೋವರ್ ತಳದಿಂದ ಗಾಳಿ ಊದುತ್ತದೆ. ಗಾಳಿ ಸಿಕ್ಕ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಬೆಳೆದು, ಒಂದಕ್ಕೊಂದು ಅಂಟಿ ಕಂದು ಬಣ್ಣದ ಚೂರುಗಳಾಗುತ್ತವೆ. ಮುಂದಿನ ತೊಟ್ಟಿಯಲ್ಲಿ ಆ ಚೂರುಗಳು ತಳಕ್ಕೆ ಕೂರುತ್ತವೆ, ಮೇಲೆ ತಿಳಿ ನೀರು ನಿಲ್ಲುತ್ತದೆ. ತಿಳಿ ನೀರು ಫಿಲ್ಟರ್ ದಾಟಿ, ಕ್ಲೋರಿನ್ ಬೆರೆತು ಫ್ಲಶ್‌ಗೂ ಗಿಡಗಳಿಗೂ ಹೋಗುತ್ತದೆ. ತಳದಲ್ಲಿ ಕೂತದ್ದರಲ್ಲಿ ಬಹುಪಾಲು ಏರೇಷನ್ ಟ್ಯಾಂಕಿಗೇ ವಾಪಸ್ಸು. ಜಾಸ್ತಿಯಾದದ್ದನ್ನು ಮಾತ್ರ ತೆಗೆಯಬೇಕು.

ಇದು ನಮ್ಮ ಅಡುಗೆಮನೆಯಲ್ಲಿ ದಿನಾ ನಡೆಯುವುದೇ ಅಲ್ವಾ? ನಿನ್ನೆಯ ಮೊಸರಲ್ಲಿ ಸ್ವಲ್ಪ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕುತ್ತೇವೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಂಶೋಧಕರಾದ ಆರ್ಡರ್ನ್ ಮತ್ತು ಲಾಕೆಟ್ ತೋರಿಸಿಕೊಟ್ಟದ್ದೂ ಇದನ್ನೇ. ಕೂತದ್ದನ್ನು ಚೆಲ್ಲದೆ ಹೊಸ ಕೊಳಚೆ ನೀರಿಗೆ ಸೇರಿಸುತ್ತಾ ಹೋದರೆ ನೀರು ಸಲದಿಂದ ಸಲಕ್ಕೆ ಬೇಗ ಶುದ್ಧವಾಗುತ್ತದೆ. ಅವರು ಅದಕ್ಕೆ ‘ಆಕ್ಟಿವೇಟೆಡ್ ಸ್ಲಡ್ಜ್’ ಎಂದರು. ನಾವು ‘ಕ್ರಿಯಾಶೀಲ ಕೆಸರು’ ಎಂದರೆ ಪದಕ್ಕೆ ಪದ ಕೂತಿತು, ಅದು ಮಾಡುವ ಕೆಲಸ ಗೊತ್ತಾಗಲಿಲ್ಲ.

ನನ್ನ ಸಲಹೆ ಇದು. ವಾಪಸ್ಸು ಹೋಗುವುದು ‘ಹೆಪ್ಪು’, ಹೊರಗೆ ಹೋಗುವುದು ‘ಗಸಿ’. ವಸ್ತು ಒಂದೇ ಆದರೂ ಕೆಲಸ ಬೇರೆ, ಹಾಗಾಗಿ ಹೆಸರೂ ಬೇರೆ ಇರಲಿ. ‘ಹೂಳು’ ಯೋಚಿಸಿದೆ, ಅದು ಕೆರೆಯ ಮಣ್ಣಾಯಿತು. ‘ರಾಡಿ’, ‘ರೊಚ್ಚು’ ಅಂದರೂ ಮತ್ತೆ ಕೆಸರೇ.

ತೊಡಕು ಇಲ್ಲದಿಲ್ಲ. ಕರಾವಳಿಯವರಿಗೆ ಗಸಿ ಅಂದರೆ ಕೋಳಿಯದೋ ಕಡಲೆಯದೋ ಪದಾರ್ಥ. ಮೊಸರಿನ ಮಾತನ್ನು ಕೊಳಚೆಗೆ ತರುವುದು ಇನ್ನು ಕೆಲವರಿಗೆ ಒಗ್ಗುವುದಿಲ್ಲ. ನಮ್ಮಮ್ಮನಿಗೂ ಒಗ್ಗಲಿಲ್ಲ. ಆದರೆ ಅದೇ ಆಪರೇಟರ್‌ಗೆ ‘ಹೆಪ್ಪು ಉಳಿಸಿಕೊಳ್ಳಿ’ ಅಂದ ಕೂಡಲೇ ವಿಷಯ ಹಿಡಿಯಿತು. ಎರಡನೇ ಸಲ ಹೇಳಬೇಕಾಗಲಿಲ್ಲ.

ನಿಮ್ಮ ಕಡೆ ಎಣ್ಣೆ, ಕಾಫಿ ಪಾತ್ರೆಗಳ ತಳದಲ್ಲಿ ಕೂರುವುದಕ್ಕೆ ಏನಂತೀರಿ? ಚರಟ, ಗಷ್ಟು ನಾನು ಬಲ್ಲೆ. ಹೆಪ್ಪು ಎಂಬುದನ್ನು ಹಾಲು ಬಿಟ್ಟು ಬೇರೆ ಕಡೆ, ಹಿಟ್ಟಿಗೋ ಗೊಬ್ಬರದ ಗುಂಡಿಗೋ, ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಮುಂದಿನ ವಾರ ಫಲಕ ಬರೆಸಬೇಕು. ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.