ಬ್ಯಾಟರಿ ಅಲ್ಲ ಕಾಕಾ

ಗುಂಪು: ನಮ್ಮ ಮನೆಯವರು
ಗುರುವಾರ, ಬೆಳಿಗ್ಗೆ 8:12

ತಮ್ಮ, ನಿಗಡಿ: (ವಿಡಿಯೋ, 19 ಸೆಕೆಂಡ್)

ತಮ್ಮ, ನಿಗಡಿ: ಬೆಳಿಗ್ಗೆಯಿಂದ ಹೀಗೇ. ಗುರ್ರ್ ಗುರ್ರ್ ಅಂತ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಕಾರು ತಗೊಂಡು ಇನ್ನೂ ಐದು ವಾರ. ಭಾನುವಾರ ಪುಣೆಯಿಂದ ವಿಜಯಪುರಕ್ಕೆ ತೊಟ್ಟಿಲಿಗೆ ಬರೋದು ಹೇಗೆ?

ವಿಜಯಪುರ ದೊಡ್ಡಮ್ಮ: ಅಯ್ಯೋ. ಹೊಸ ಕಾರಿಗೆ ಪೂಜೆ ಮಾಡಿಸಿದ್ದಿರೋ ಇಲ್ಲವೋ?

ತಮ್ಮ, ನಿಗಡಿ: ಹಳೇ ಕಾರು ದೊಡ್ಡಮ್ಮ. 2016ರ ಮಾಡೆಲ್. ನಿಂಬೆಹಣ್ಣೂ ಆಗಿದೆ.

ಧಾರವಾಡ ಕಾಕಾ: ಬ್ಯಾಟರಿ ಹೋಗಿದೆ. ಮಳೆಗಾಲದಲ್ಲಿ ಮೊದಲು ಹೋಗೋದೇ ಅದು.

ತಮ್ಮ, ನಿಗಡಿ: ಕಾಕಾ, ನೀವು ಹೇಳಿದ್ದಕ್ಕೇ ಹೋದ ವಾರ ಹೊಸದು ಹಾಕಿಸಿದೆ. 4,800 ಕೊಟ್ಟೆ.

ಧಾರವಾಡ ಕಾಕಾ: ಹಾಗಾದರೆ ಸೆಲ್ಫ್.

ನಾನು: ಸೆಲ್ಫ್ ತಿರುಗುತ್ತಿರುವುದು ವಿಡಿಯೋದಲ್ಲೇ ಕೇಳಿಸುತ್ತಿದೆಯಲ್ಲ ಕಾಕಾ. ಬ್ಯಾಟರಿ ಸತ್ತಿದ್ದರೆ ಟಿಕ್ ಟಿಕ್ ಅನ್ನುತ್ತಿತ್ತು, ಇಲ್ಲವೇ ಮುದುಕರು ಮೆಟ್ಟಿಲು ಹತ್ತಿದ ಹಾಗೆ ನಿಧಾನವಾಗಿ ತಿರುಗುತ್ತಿತ್ತು. ಇದು ಜೋರಾಗಿಯೇ ತಿರುಗುತ್ತಿದೆ. ಕೊರತೆ ಬೇರೆ ಕಡೆ.

ಧಾರವಾಡ ಕಾಕಾ: ಮುದುಕರ ವಿಷಯ ಯಾಕೆ ಬಂತು ಇಲ್ಲಿ?

ಮುಂಬೈ ಮಾವ: ಸುಮ್ನೆ ಧಕ್ಕಾ ಕೊಡಿ. ಸೊಸೈಟಿಯಲ್ಲಿ ನಾಲ್ಕು ಜನ ಸಿಗಲ್ವಾ? ನನ್ನ ಹಳೇ ಗಾಡಿಯನ್ನು ಸಾಯನ್ ಸರ್ಕಲ್‌ನಲ್ಲಿ ಎಷ್ಟು ಸಲ ತಳ್ಳಿದ್ದೇನೆ.

ನಾನು: ಮಾವ, ತಳ್ಳುವುದು ಸೆಲ್ಫ್ ಮಾಡುವ ಕೆಲಸವನ್ನು ಕೈಯಿಂದ ಮಾಡುವುದು, ಅಷ್ಟೇ. ಸೆಲ್ಫೇ ಸರಿ ಇರುವಾಗ ತಳ್ಳಿ ಏನು ಬಂತು? ಬೆಂಕಿ ಹತ್ತದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಪಿಸ್ಟನ್, ವಾಲ್ವ್‌ಗಳ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಕಡಿದಿದ್ದರೆ ಇನ್ನೂ ಕಷ್ಟ. ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ತಮ್ಮ, ಯಾರಿಗೂ ತಳ್ಳಲು ಬಿಡಬೇಡ.

ಧಾರವಾಡ ಕಾಕಾ: (ಹಲವು ಬಾರಿ ಫಾರ್ವರ್ಡ್ ಆಗಿದ್ದು) ಎಚ್ಚರ!! ಹೊಸ ಎಥೆನಾಲ್ ಪೆಟ್ರೋಲ್ ಒಂದೇ ರಾತ್ರಿಯಲ್ಲಿ ನಿಮ್ಮ ಇಂಜಿನ್ ಕೊಲ್ಲುತ್ತದೆ!! ಟ್ಯಾಂಕಿಗೆ ನಾಲ್ಕು ನುಸಿ ಗುಳಿಗೆ ಹಾಕಿ, ಹತ್ತು ನಿಮಿಷದಲ್ಲಿ ಕಾರು ಸ್ಟಾರ್ಟ್!! ಹತ್ತು ಜನರಿಗೆ ಕಳಿಸಿ 🙏

ಧಾರವಾಡ ಕಾಕಾ: ಓದಿ ನೋಡು. ಇದೇ ಕಾರಣ.

ನಾನು: ನುಸಿ ಗುಳಿಗೆ ಸೀರೆ ಪೆಟ್ಟಿಗೆಗೆ ಕಾಕಾ. ಟ್ಯಾಂಕಿಗೆ ಅಲ್ಲ.

ಧಾರವಾಡ ಕಾಕಾ: ನಾವು 1985ರಲ್ಲಿ ಸ್ಕೂಟರಿಗೆ ಹಾಕುತ್ತಿದ್ದೆವು. ಏನೂ ಆಗಲಿಲ್ಲ.

ನಾನು: ಏನೂ ಆಗಲಿಲ್ಲ ಅಂದರೆ ಉಪಯೋಗವೂ ಆಗಲಿಲ್ಲ ಅಂತಲೇ ಅಲ್ವಾ? ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದದ್ದು 2023ರಲ್ಲಿ, ನಮ್ಮ ಬೆಂಗಳೂರಲ್ಲೇ ಬಿಡುಗಡೆ ಆಯಿತು. ಒಂದೇ ರಾತ್ರಿಯಲ್ಲಿ ಇಂಜಿನ್ ಕೊಲ್ಲುವ ಹಾಗಿದ್ದರೆ ಇವತ್ತು ಹೈವೇಯಲ್ಲಿ ದನ ಮೇಯುತ್ತಿದ್ದವು.

ವಿಜಯಪುರ ದೊಡ್ಡಮ್ಮ: ಜಗಳ ಬೇಡ. ಭಾನುವಾರ ಬರುತ್ತೀರೋ ಇಲ್ಲವೋ ಅದನ್ನು ಹೇಳಿ. ಅಡಿಗೆಯವನಿಗೆ ಲೆಕ್ಕ ಕೊಡಬೇಕು.

ಬೆಳಿಗ್ಗೆ 8:41

ನಾನು: ತಮ್ಮ, ಈಗ ಕಾರಲ್ಲಿ ಕೂತ್ಕೋ. ಫ್ಯಾನ್, ರೇಡಿಯೋ ಎಲ್ಲ ಆಫ್ ಮಾಡು. ಕೀ ಆನ್‌ವರೆಗೆ ಮಾತ್ರ ತಿರುಗಿಸು, ಸ್ಟಾರ್ಟ್ ಮಾಡಬೇಡ. ಮೂರು ವಿಷಯ ಹೇಳು. ಕೀ ಗುರುತಿನ ದೀಪ ಮಿನುಗುತ್ತಿದೆಯಾ? ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಗುಂಯ್ ಅನ್ನುತ್ತದಾ? ಆಮೇಲೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲುಗುತ್ತದಾ?

ಮುಂಬೈ ಮಾವ: ಇದೇನು, ಫೋನ್‌ನಲ್ಲೇ ನಾಡಿ ನೋಡೋದು?

ನಾನು: ಪುಣೆ ಹತ್ತಿರದ ಚಾಕಣದಲ್ಲಿ ಎಂಟು ವರ್ಷ ವೈರಿಂಗ್ ಹಾರ್ನೆಸ್, ಅಂದರೆ ಗಾಡಿಯ ವೈರ್‌ಗಳ ಕಟ್ಟು, ಪರೀಕ್ಷೆ ಮಾಡಿದ್ದೇನೆ ಮಾವ. ಅಲ್ಲೂ ನಾಡಿ ನೋಡೋದೇ ಕೆಲಸ. ಕೀ ದೀಪ ಮಿನುಗಿದರೆ ಕಳ್ಳತನ ತಡೆಯುವ ಇಮೊಬಿಲೈಸರ್‌ಗೆ ಕೀಯ ಚಿಪ್ ಗುರುತು ಸಿಗುತ್ತಿಲ್ಲ ಅಂತ, ಎರಡನೇ ಕೀ ಹಾಕಿ ನೋಡಬೇಕು. ಮುಳ್ಳು ಸತ್ತ ಹಾಗೆ ಬಿದ್ದಿದ್ದರೆ ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ. ಗುಂಯ್ ಇಲ್ಲದಿದ್ದರೆ ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್‌ಗೆ ಕರೆಂಟ್ ಹೋಗುತ್ತಿಲ್ಲ, ಇಲ್ಲವೇ ಪಂಪೇ ಹೋಗಿದೆ.

ತಮ್ಮ, ನಿಗಡಿ: ಕೀ ದೀಪ ಬಂದು ಆರಿತು, ಮಿನುಗಲ್ಲ. ಮುಳ್ಳು ಅಲುಗುತ್ತದೆ. ಗುಂಯ್ ಇಲ್ಲ. ಸೀಟಿಗೆ ಕಿವಿ ಇಟ್ಟೆ, ವಾಚ್‌ಮನ್ ವಿಚಿತ್ರವಾಗಿ ನೋಡಿದ.

ನಾನು: ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗೆ ಚಿತ್ರ ಇರುತ್ತದೆ. ಫ್ಯೂಯಲ್ ಪಂಪ್‌ನ ಫ್ಯೂಸ್ ನೋಡು. ಸರಿ ಇದ್ದರೆ ಅದರ ರಿಲೇ (ಕರೆಂಟ್ ಬಿಡುವ ಪುಟ್ಟ ಸ್ವಿಚ್ ಡಬ್ಬಿ) ತೆಗೆದು, ಅದೇ ನಂಬರಿನ ಹಾರ್ನ್ ರಿಲೇ ಅಲ್ಲಿ ಹಾಕು.

ತಮ್ಮ, ನಿಗಡಿ: ಫ್ಯೂಸ್ ಸರಿ ಇದೆ. ರಿಲೇ ಬದಲಾಯಿಸಿದೆ. ಈಗಲೂ ಗುಂಯ್ ಇಲ್ಲ. ತೆಗೆದ ರಿಲೇಯನ್ನು ಹಾರ್ನ್‌ಗೆ ಹಾಕಿದೆ, ಹಾರ್ನ್ ಹೊಡೆಯುತ್ತಿದೆ.

ನಾನು: ಹಾಗಾದರೆ ರಿಲೇ ಸರಿ ಇದೆ. ಪೆಟ್ರೋಲ್ ಎಷ್ಟಿದೆ?

ತಮ್ಮ, ನಿಗಡಿ: ರಿಸರ್ವ್. ಯಾವಾಗಲೂ ರಿಸರ್ವೇ ಅಕ್ಕ. ಓಡಿಸೋದು ಸಿಎನ್‌ಜಿಯಲ್ಲಿ ತಾನೆ, ಪೆಟ್ರೋಲ್ ಯಾಕೆ ಜಾಸ್ತಿ ಹಾಕಿಸಬೇಕು? ಕೊಟ್ಟವನೂ ಹಾಗೇ ಹೇಳಿದ್ದ, ನೂರು ರೂಪಾಯಿದು ಹಾಕಿದರೆ ತಿಂಗಳು ಬರುತ್ತೆ ಅಂತ.

ನಾನು: ಸಿಎನ್‌ಜಿ ಅಂತ ಇಷ್ಟು ಹೊತ್ತು ಯಾಕೋ ಹೇಳಲಿಲ್ಲ!!

ತಮ್ಮ, ನಿಗಡಿ: ನೀನು ಕೇಳಲಿಲ್ಲ.

ನಾನು: ಕಂಪನಿ ಕಿಟ್ಟಾ, ಹೊರಗಡೆ ಹಾಕಿಸಿದ್ದಾ?

ತಮ್ಮ, ನಿಗಡಿ: ಹೊರಗಡೆದು. ಗೇರ್ ಹತ್ತಿರ ಒಂದು ಗುಂಡಿ ಇದೆ, ಹಸಿರು ದೀಪ ಎರಡು ಉರಿಯುತ್ತವೆ.

ನಾನು: ಕೇಳು. ಫ್ಯೂಯಲ್ ಪಂಪ್ ಟ್ಯಾಂಕಿನ ಒಳಗೆ, ತಳದಲ್ಲಿ ಮುಳುಗಿ ಕೂತಿರುತ್ತದೆ. ಅದನ್ನು ತಂಪಾಗಿ ಇಡುವುದೇ ಸುತ್ತಲಿನ ಪೆಟ್ರೋಲ್. ಹೊರಗಡೆ ಕಿಟ್ ಹಾಕಿದ ಎಷ್ಟೋ ಕಾರುಗಳಲ್ಲಿ ಗ್ಯಾಸ್ ಮೇಲೆ ಓಡುವಾಗಲೂ ಆ ಪಂಪ್ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಟ್ಯಾಂಕ್ ಒಣಗಿದ್ದರೆ ಕಾದು ಕಾದು ಸುಟ್ಟುಹೋಗುತ್ತದೆ. ನಿಮ್ಮ ಕಾರು ಸ್ಟಾರ್ಟ್ ಆಗುವುದು ಪೆಟ್ರೋಲ್‌ನಲ್ಲಿ, ಇಂಜಿನ್ ಬಿಸಿ ಆದಮೇಲೆ ಗ್ಯಾಸಿಗೆ ಹೋಗುತ್ತದೆ. ಅದಕ್ಕೇ ನಿನ್ನೆ ಸಂಜೆವರೆಗೆ ಓಡಿತು, ಇವತ್ತು ಬೆಳಿಗ್ಗೆ ಕೈಕೊಟ್ಟಿತು.

ನಾನು: ಈಗ ಆ ಗುಂಡಿ ಒತ್ತಿ ಹಿಡಿ. ಹಿಡಿದುಕೊಂಡೇ ಕೀ ಆನ್ ಮಾಡು. ದೀಪ ಬದಲಾಗುವವರೆಗೆ ಬಿಡಬೇಡ. ಆಮೇಲೆ ಸ್ಟಾರ್ಟ್ ಮಾಡು. ಹಲವು ಕಿಟ್‌ಗಳಲ್ಲಿ ನೇರ ಗ್ಯಾಸ್‌ನಲ್ಲೇ ಹತ್ತಿಸುವ ತುರ್ತು ದಾರಿ ಇದು.

ಧಾರವಾಡ ಕಾಕಾ: ಗ್ಯಾಸ್ ಜೊತೆ ಆಟ ಬೇಡ!! ಸ್ಫೋಟ ಆದರೆ ಯಾರು ಹೊಣೆ?

ನಾನು: ಟ್ಯಾಂಕಿಗೆ ನುಸಿ ಗುಳಿಗೆ ಹಾಕಲು ಹೇಳಿದವರು ಯಾರು ಕಾಕಾ?

ಬೆಳಿಗ್ಗೆ 9:06

ತಮ್ಮ, ನಿಗಡಿ: (ವಿಡಿಯೋ, 7 ಸೆಕೆಂಡ್)

ತಮ್ಮ, ನಿಗಡಿ: ಹತ್ತಿತು!!!! ಒಂದೇ ಸಲಕ್ಕೆ!

ವಿಜಯಪುರ ದೊಡ್ಡಮ್ಮ: ಗೋಳಗುಮ್ಮಟದಷ್ಟು ಸದ್ದು ಮಾಡುತ್ತಿದೆಯಲ್ಲೋ.

ಮುಂಬೈ ಮಾವ: ಭಲೇ. ಹಾಗಾದರೆ ಗ್ಯಾಸ್ ಮೇಲೇ ವಿಜಯಪುರಕ್ಕೆ ಹೊರಡಿ. ಸಮಸ್ಯೆ ಮುಗಿಯಿತು.

ನಾನು: ಮುಗಿದಿಲ್ಲ ಮಾವ. ಗ್ಯಾಸ್‌ನಲ್ಲಿ ಹತ್ತಿತು ಅಂದರೆ ಕಿಡಿ, ಬೆಲ್ಟ್, ಸೆನ್ಸರ್, ಕೀ ಎಲ್ಲ ಸರಿ ಇದೆ, ಪೆಟ್ರೋಲ್ ಕಡೆ ಮಾತ್ರ ತೊಂದರೆ ಅಂತ ಗೊತ್ತಾಯಿತು. ಸೋಲಾಪುರದ ಆಚೆ ಗ್ಯಾಸ್ ಮುಗಿದರೆ ಕೂಸನ್ನು ಕಟ್ಟಿಕೊಂಡು ರಸ್ತೆಯಲ್ಲಿ ನಿಲ್ಲಬೇಕು. ಇದು ಮೆಕ್ಯಾನಿಕ್ ಹತ್ತಿರ ಹೋಗುವಷ್ಟಕ್ಕೆ ಮಾತ್ರ. ತಮ್ಮ, ಅವನು ಹಿಂದಿನ ಸೀಟು ಎತ್ತಿ ಪಂಪಿನ ಪ್ಲಗ್‌ನಲ್ಲಿ 12 ವೋಲ್ಟ್ ಬರುತ್ತಿದೆಯಾ ಅಂತ ಮೊದಲು ನೋಡಲಿ. ಬರುತ್ತಿದ್ದರೆ ಮಾತ್ರ ಹೊಸ ಪಂಪಿಗೆ ದುಡ್ಡು ಕೊಡು. ಬರದಿದ್ದರೆ ವೈರ್ ಹುಡುಕಲಿ.

ಮುಂಬೈ ಮಾವ: ಸಿಲಿಂಡರ್ ಪ್ಲೇಟ್ ನೋಡಿದ್ದೀಯೇನೋ? ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ಸಿಲಿಂಡರ್ ಒತ್ತಡ ತಾಳುತ್ತಾ ಅನ್ನೋ ಪರೀಕ್ಷೆ, ಆಗಬೇಕು. ಆರ್‌ಸಿಯಲ್ಲಿ ಸಿಎನ್‌ಜಿ ಬರೆದಿದೆಯಾ?

ನಾನು: ಮಾವ, ಇವತ್ತಿನ ಒಳ್ಳೆಯ ಪ್ರಶ್ನೆ ಇದು.

ತಮ್ಮ, ನಿಗಡಿ: ಆರ್‌ಸಿಯಲ್ಲಿ ಇದೆ. ಪ್ಲೇಟ್‌ನಲ್ಲಿ 2019 ಅಂತ ಇದೆ.

ನಾನು: 🤦 ಕೊಟ್ಟವನು ಇದನ್ನೂ ಹೇಳಲಿಲ್ಲ ಅಲ್ವಾ. ಟೆಸ್ಟ್ ಆಗುವವರೆಗೆ ಗ್ಯಾಸ್ ತುಂಬಿಸಬೇಡ.

ಸಂಜೆ 6:30

ತಮ್ಮ, ನಿಗಡಿ: ಪ್ಲಗ್‌ನಲ್ಲಿ 12 ವೋಲ್ಟ್ ಬರುತ್ತಿತ್ತು. ಮೆಕ್ಯಾನಿಕ್ ಸೀಟು ಎತ್ತಿದವನೇ 'ಪಂಪ್ ಗೇಲಾ' (ಪಂಪ್ ಹೋಯಿತು) ಅಂದ. ಹೊರತೆಗೆದ ಪಂಪ್ ಸುಟ್ಟ ವಾಸನೆ. ಟ್ಯಾಂಕಿನ ತಳದಲ್ಲಿ ನೀರು, ತುಕ್ಕು ಬಣ್ಣದ ಕೆಸರು. ಎಲ್ಲ ತೊಳೆದು ಹೊಸದು ಹಾಕಿದ.

ಧಾರವಾಡ ಕಾಕಾ: ನೀರು!! ನಾನು ಹೇಳಲಿಲ್ವಾ? ಎಥೆನಾಲ್!!

ನಾನು: ಅರ್ಧ ಒಪ್ಪುತ್ತೇನೆ ಕಾಕಾ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ ನಿಜ. ಖಾಲಿ ಟ್ಯಾಂಕಲ್ಲಿ ಗಾಳಿ ಜಾಸ್ತಿ, ಪುಣೆ ಮಳೆ ಬೇರೆ. ನೀರು ಜಾಸ್ತಿ ಆದರೆ ತಳಕ್ಕೆ ಇಳಿಯುತ್ತದೆ, ಪಂಪ್ ಕೂತಿರುವುದೂ ಅಲ್ಲೇ. ಟ್ಯಾಂಕ್ ತುಂಬಿದ್ದು, ಪೆಟ್ರೋಲ್ ಆಗಾಗ ಖರ್ಚಾಗುತ್ತಿದ್ದರೆ ಇಷ್ಟಾಗುತ್ತಿರಲಿಲ್ಲ.

ಧಾರವಾಡ ಕಾಕಾ: ಅರ್ಧ ಸಾಕು. ನಾನು ಯಾವಾಗಲೂ ಅಷ್ಟೇ ಕೇಳೋದು.

ತಮ್ಮ, ನಿಗಡಿ: ಕಾಕಾ, ಆ ಬ್ಯಾಟರಿಯ 4,800?

ಧಾರವಾಡ ಕಾಕಾ: ಈ ಸಂದೇಶವನ್ನು ಅಳಿಸಲಾಗಿದೆ

ಧಾರವಾಡ ಕಾಕಾ: ಚಳಿಗಾಲಕ್ಕೆ ಬೇಕೇ ಬೇಕಾಗುತ್ತದೆ ಅಂತ ಹೇಳುತ್ತಿದ್ದೆ.

ವಿಜಯಪುರ ದೊಡ್ಡಮ್ಮ: ಹಾಗಾದರೆ ಮೂವರು ಅಂತ ಬರೆಸಲಾ ಅಡಿಗೆಯವನಿಗೆ?

ತಮ್ಮ, ನಿಗಡಿ: ಬರೆಸಿ ದೊಡ್ಡಮ್ಮ. ಪೆಟ್ರೋಲ್‌ನಲ್ಲೇ ಬರುತ್ತೇವೆ.

ತಮ್ಮ, ನಿಗಡಿ: (ಫೋಟೋ: ಮೀಟರ್, ಮುಳ್ಳು ಅರ್ಧಕ್ಕೆ)

ಧಾರವಾಡ ಕಾಕಾ: ಅರ್ಧ ಟ್ಯಾಂಕಾ? ಪೂರ್ತಿ ಮಾಡಿಸೋ. ಗಾಳಿಯಲ್ಲಿ ತೇವ ಇರುತ್ತೆ.